ನೂರಹತ್ತು ವೋಲ್ಟಿನ ಒಲೆ

ಶ್ರೀಕೃಷ್ಣ ತಂದ ಒಲೆಯನ್ನು ಲೋಲಾಕ್ಷಿ ಮಗುಚಿ ನೋಡದಿದ್ದರೆ ಅದು ಆ ದಿನವೇ ಸುಟ್ಟುಹೋಗುತ್ತಿತ್ತು.

ಅವನು ಅವಳ ತಮ್ಮ, ಸೈನ್ಯದಲ್ಲಿ ಲಾರಿ ಓಡಿಸುವವನು. ವಿಶ್ವಸಂಸ್ಥೆಯ ಪರವಾಗಿ ಗಾಜಾಕ್ಕೆ ಹೋದ ನಮ್ಮ ಪಡೆಯ ಜೊತೆ ಒಂದು ವರ್ಷ ಇದ್ದು, ಅರವತ್ತನಾಲ್ಕರ ಮಾರ್ಚಿನಲ್ಲಿ ರಜೆಗೆ ಬಂದಿದ್ದ. ಅಕ್ಕನಿಗೆಂದು ಬೈರೂತಿನ ಅಂಗಡಿಯೊಂದರಿಂದ ತಂದದ್ದು ಈ ಕರೆಂಟಿನ ಒಲೆ. ಊಟದ ಬಟ್ಟಲಿನಷ್ಟು ಅಗಲದ ಬಿಳಿ ಬಿಲ್ಲೆ, ಅದರ ಸಾಲುಗಳಲ್ಲಿ ಸುರುಳಿ ಸುತ್ತಿದ ತಂತಿ, ಅಡಿಯಲ್ಲಿ ಮೂರು ಕಾಲು. ಅಕ್ಕನ ಗೂರಲಿನ ವಿಷಯ ಅವನಿಗೆ ತಾಯಿಯ ಕಾಗದದಿಂದ ತಿಳಿದಿತ್ತು. ಹೊಗೆಯಿಂದ ದೂರ ಇರಬೇಕು ಎಂದು ಪುತ್ತೂರಿನ ಡಾಕ್ಟರು ಹೇಳಿದ್ದರು. ಹದಿನೆಂಟನೇ ವಯಸ್ಸಿಗೆ ಈ ಮನೆಗೆ ಬಂದು ಹದಿನಾಲ್ಕು ವರ್ಷ ಒಲೆಯ ಮುಂದೆ ಕೂತವಳಿಗೆ ಆ ಮಾತು, ಹೊಳೆಯ ಹತ್ತಿರ ಹೋಗಬೇಡ ಎಂದು ಅಂಬಿಗನಿಗೆ ಹೇಳಿದ ಹಾಗಿತ್ತು. ಅವಳು ಹೂಂ ಎಂದು ತಲೆಯಾಡಿಸಿ ಔಷಧದ ಬಾಟಲಿ ಹಿಡಿದುಕೊಂಡು ಬಸ್ಸು ಹತ್ತಿದ್ದಳು.

ಮನೆ ಸುಳ್ಯ ಪೇಟೆಯಿಂದ ಅಜ್ಜಾವರದ ಕಡೆಗೆ ಹೋಗುವ ದಾರಿಯಲ್ಲಿ, ಕರೆಂಟಿನ ಲೈನಿನ ಕೊನೆಯ ಕಂಬದ ಪಕ್ಕದಲ್ಲಿತ್ತು. ಲೈನು ಬಂದು ಎರಡು ವರ್ಷ ಆಗಿತ್ತು. ಶ್ರೀಕೃಷ್ಣ ಪೇಟೆಯಿಂದ ವಯರ್‌ಮನ್ ಚನಿಯಪ್ಪನನ್ನು ಕರೆಸಿ, ಅಡುಗೆಮನೆಯ ಒತ್ತಿಗಿದ್ದ ಸಣ್ಣ ಕೋಣೆಗೆ ದಪ್ಪ ತಂತಿ ಎಳೆಸಿ, ದೊಡ್ಡ ಪ್ಲಗ್ ಹಾಕಿಸಿದ. ಮಾವ ಕುಕ್ಕಪ್ಪ ಮಾಸ್ಟ್ರು ಬಾಗಿಲಲ್ಲಿ ನಿಂತು ನೋಡಿದರು. ಅವರು ಹೆಡ್‌ಮಾಸ್ಟ್ರಾಗಿ ನಿವೃತ್ತರಾದವರು. ಯಾವ ಕೆಲಸ ನಡೆಯುತ್ತಿದ್ದರೂ ಮೇಲ್ವಿಚಾರಣೆ ತಮ್ಮದೇ ಎಂಬ ಅಭ್ಯಾಸ ಬಿಟ್ಟಿರಲಿಲ್ಲ. ಅತ್ತೆ ಪೂವಮ್ಮ ಅಕ್ಕಿ ಆರಿಸುವ ತಡ್ಪೆ ಹಿಡಿದು ಅಲ್ಲಿಯೇ ಕೂತಿದ್ದರು.

"ಚನಿಯಪ್ಪಣ್ಣ, ಸ್ವಲ್ಪ ನಿಲ್ಲಿ," ಎಂದಳು ಲೋಲಾಕ್ಷಿ.

"ಎಂತ ಅಕ್ಕ, ಕಾಯಿ ಒಡೀಲಿಕ್ಕುಂಟಾ?"

"ಅಡಿಯಲ್ಲಿ ಎಂತದೋ ಬರೆದುಂಟು."

ಒಲೆಯನ್ನು ಮಗುಚಿದಾಗ ತಳದ ತಗಡಿನಲ್ಲಿ ಇಂಗ್ಲಿಷ್ ಅಕ್ಷರ ಕಂಡಿತು. ನೂರಹತ್ತು ವೋಲ್ಟ್, ಐದು ಆಂಪಿಯರ್. ಅವಳು ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಮಗನ ಪೆನ್ಸಿಲ್ ತೆಗೆದುಕೊಂಡಳು. ಪುತ್ತೂರಿನ ಹೈಸ್ಕೂಲಿನಲ್ಲಿ ಕಲಿತದ್ದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ತಡೆ ಸಿಗುತ್ತದೆ, ಅದಕ್ಕೆ ಓಮ್ ಎಂದು ಹೆಸರು. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ವಾಟ್, ಅಂದರೆ ಎಷ್ಟು ಜೋರಾಗಿ ಉರಿಯುತ್ತದೆ ಎಂಬುದು. ನೂರಹತ್ತನ್ನು ಐದರಿಂದ ಭಾಗಿಸಿದಳು. ಇಪ್ಪತ್ತೆರಡು ಓಮ್. ತಂತಿಯ ತಡೆ ಎಲ್ಲಿ ಹೋದರೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಇನ್ನೂರಮೂವತ್ತು ವೋಲ್ಟ್ ಕೊಟ್ಟರೆ ಐದರ ಬದಲು ಹತ್ತೂವರೆ ಆಂಪಿಯರ್ ಹರಿಯುತ್ತದೆ.

"ಇದು ಐನೂರೈವತ್ತು ವಾಟಿನ ಒಲೆ," ಎಂದಳು. "ನಮ್ಮ ಕರೆಂಟಿಗೆ ಹಾಕಿದರೆ ಎರಡು ಸಾವಿರದ ನಾನೂರರಲ್ಲಿ ಉರೀತದೆ. ಒಂದು ನಿಮಿಷ ಉರಿದೀತು. ಮತ್ತೆ ಇಲ್ಲ."

"ಅಂಗಡಿಯವ ನನ್ನೆದುರೇ ಹಚ್ಚಿ ತೋರಿಸಿದ್ದಾನೆ ಅಕ್ಕ," ಎಂದ ಶ್ರೀಕೃಷ್ಣ.

"ಅಲ್ಲಿಯ ಕರೆಂಟು ನೂರಹತ್ತು ಇರಬೇಕು. ನಮ್ಮದು ಇನ್ನೂರಮೂವತ್ತು."

"ಕರೆಂಟಿನಲ್ಲಿಯೂ ಜಾತಿ ಉಂಟಾ ಹಾಗಾದರೆ?" ಎಂದರು ಪೂವಮ್ಮ.

ಚನಿಯಪ್ಪ ನಕ್ಕು ಸಾಮಾನು ಚೀಲಕ್ಕೆ ಹಾಕಿಕೊಂಡ. ತಮ್ಮನ ಮುಖ ಸಣ್ಣದಾದದ್ದನ್ನು ಲೋಲಾಕ್ಷಿ ನೋಡಲಿಲ್ಲ. ನೋಡಬಾರದೆಂದೇ ಹಾಳೆಯನ್ನು ಮಡಚುತ್ತಾ ಕೂತಳು. ಅವಳಿಗೂ ಆ ಒಲೆ ಬೇಕಿತ್ತು. ಬೇಕಿದ್ದದ್ದರ ವಿರುದ್ಧ ತಾನೇ ಲೆಕ್ಕ ಮಾಡಿ ಕೊಡಬೇಕಾಯಿತಲ್ಲ ಎಂಬುದು ಮಧ್ಯಾಹ್ನದವರೆಗೂ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆಮೇಲೆ ಅದೂ ಬೇರೆ ಆಯಾಸಗಳ ಜೊತೆ ಸೇರಿಹೋಯಿತು.

ರಜೆ ಮುಗಿದು ಶ್ರೀಕೃಷ್ಣ ಹೋದ. ಒಲೆ ಸಣ್ಣ ಕೋಣೆಯ ಕಪಾಟಿನ ಮೇಲೆ ಕೂತಿತು.

ಮೇ ತಿಂಗಳಲ್ಲಿ ಲೈನ್‌ಮನ್ ಹಕೀಮ್ ಬಂದ. ಸಂಜೆಯ ಹೊತ್ತು ರೇಡಿಯೋ ಸರಿಯಾಗಿ ಕೇಳುವುದಿಲ್ಲ, ವಾರ್ತೆ ಓದುವವನಿಗೆ ನೆಗಡಿಯಾದ ಹಾಗೆ ಕೇಳುತ್ತದೆ ಎಂದು ಮಾವ ಹೇಳಿ ಕಳುಹಿಸಿದ್ದರು. ಏಳು ಗಂಟೆಗೆ ಹಕೀಮ್ ಚಾವಡಿಯ ಪ್ಲಗ್ಗಿಗೆ ತನ್ನ ಮೀಟರಿನ ತಂತಿ ಸಿಕ್ಕಿಸಿ ಮುಳ್ಳನ್ನು ನೋಡಿದ.

"ನೂರನಲವತ್ತೆರಡು ಮಾಸ್ಟ್ರೆ."

"ಇನ್ನೂರಮೂವತ್ತು ಎಲ್ಲಿ ಹೋಯ್ತು?"

"ಟ್ರಾನ್ಸ್‌ಫಾರ್ಮರಿನ ಹತ್ತಿರ ಉಂಟು. ಇಲ್ಲಿಗೆ ಬರುವಾಗ ಅಲಿ ಕುಂಞಿಯವರ ಗಿರಣಿ ಒಂದಷ್ಟು ತಿಂತದೆ, ಪೇಟೆಯವರು ಒಂದಷ್ಟು, ತಂತಿ ಸಹ ಒಂದಷ್ಟು. ನಿಮ್ಮದು ಕೊನೆಯ ಕಂಬ ಅಲ್ವಾ. ಬಡಿಸುವಾಗ ಕೊನೆಯ ಎಲೆಗೆ ಬಂದಷ್ಟೇ."

"ಹಗಲಿಗೆ ಎಷ್ಟು ಇರ್ತದೆ?" ಎಂದು ಲೋಲಾಕ್ಷಿ ಒಳಗಿನಿಂದ ಕೇಳಿದಳು.

"ಬೆಳಿಗ್ಗೆ ನೂರತೊಂಬತ್ತು ಇದ್ದೀತು ಅಕ್ಕ. ಸಂಜೆ ಏಳರಿಂದ ಎಂಟೂವರೆ ತನಕ ಮಾತ್ರ ಹೀಗೆ."

ಅವಳು ಅಡುಗೆಮನೆಗೆ ಹೋಗಿ ನಿಂತಳು. ನೂರನಲವತ್ತೆರಡನ್ನು ಇಪ್ಪತ್ತೆರಡರಿಂದ ಭಾಗಿಸುವುದಕ್ಕೆ ಪೆನ್ಸಿಲ್ ಬೇಕಿರಲಿಲ್ಲ. ಆರೂವರೆಗೆ ಒಂದು ಚೂರು ಕಡಿಮೆ. ವಾಟು ಒಂಬೈನೂರರ ಮೇಲೆ. ಜಾಸ್ತಿಯೇ. ಆದರೆ ಒಲೆ ಕರೆಂಟು ಎಳೆದರೆ ದಾರಿಯಲ್ಲಿಯೇ ಇನ್ನಷ್ಟು ಕಡಿಮೆಯಾಗಿ, ಇಲ್ಲಿಗೆ ತಲುಪುವಾಗ ಇಷ್ಟೂ ಇರಲಿಕ್ಕಿಲ್ಲ. ಯಾರದೋ ಗಿರಣಿಯಿಂದ, ಯಾರದೋ ದೀಪಗಳಿಂದ ಕರೆಂಟು ಸೊರಗಿ ಸೊರಗಿ, ದಿನಕ್ಕೆ ಒಂದೂವರೆ ಗಂಟೆ ಮಾತ್ರ ಇವಳ ಒಲೆಗೆ ಸರಿಹೊಂದುವಷ್ಟಾಗುತ್ತಿತ್ತು.

ಮರುದಿನ ಏಳೂಕಾಲಿಗೆ ಅವಳು ಒಲೆಯನ್ನು ಕೆಳಗಿಳಿಸಿ, ಗಂಜಿಯ ಪಾತ್ರೆ ಇಟ್ಟು, ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿದಳು. ಕೈ ಸ್ವಿಚ್ಚಿನ ಮೇಲೆಯೇ ಇತ್ತು. ತಂತಿ ಮೊದಲು ಕಪ್ಪಾಗಿಯೇ ಇತ್ತು, ಆಮೇಲೆ ಮಾಸಲು ಕೆಂಪು, ಆಮೇಲೆ ಮಾಗಿದ ಅಡಿಕೆಯ ಬಣ್ಣ. ಅಲ್ಲಿಗೆ ನಿಂತಿತು. ಬಿಳಿಯಾಗಲಿಲ್ಲ. ಅವಳು ಕೈ ತೆಗೆದಳು.

ಪೂವಮ್ಮ ಬಂದು ನೋಡಿದರು. "ಆಗುದಿಲ್ಲ ಅಂದಿದ್ದಿ?"

"ಆಗ್ತದೆ ಅಂತ ಕಾಣ್ತದೆ ಅತ್ತೆ."

ಎರಡು ದಿನ ಬಿಟ್ಟು ಗಂಡ ಅಚ್ಚುತ ಬಂದ. ಅವನಿಗೆ ಮಡಿಕೇರಿಯ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ವಾರದಲ್ಲಿ ನಾಲ್ಕು ದಿನ ಕಲ್ಲುಗುಂಡಿಯಲ್ಲಿ ಬಸ್ಸು ನಿಂತಲ್ಲಿಯೇ ಮಲಗುವುದು. ಕೆಂಪಗೆ ಉರಿಯುವ ಒಲೆಯನ್ನು ನೋಡಿ ಅವನಿಗೆ ನಗು ತಡೆಯಲಿಲ್ಲ. "ನಿನ್ನ ಲೆಕ್ಕ ಪರೀಕ್ಷೆಗೆ ಆಯ್ತು ಮಾರಾಯ್ತಿ, ಗಂಜಿಗೆ ಆಗ್ಲಿಲ್ಲ. ಪಾಪ, ಆ ಭಾವನನ್ನು ಸುಮ್ಮನೆ ಅಳುವ ಹಾಗೆ ಮಾಡಿದ್ದಿ."

ಚಾವಡಿಯಿಂದ ಮಾವನೂ ನಕ್ಕರು. "ವಿಜ್ಞಾನ ಕಲಿತವರಿಗೆ ಹೆದರಿಕೆ ಜಾಸ್ತಿ."

ಅವಳು ಗಂಜಿ ತಿರುವಿದಳು. ಲೆಕ್ಕ ತಪ್ಪಾದದ್ದಲ್ಲ, ಲೈನಿನಲ್ಲಿ ಶಕ್ತಿ ಇಲ್ಲದ್ದಕ್ಕೆ ಒಲೆ ಬದುಕಿದೆ ಎಂದು ಹೇಳಬಹುದಿತ್ತು. ಹೇಳಿದರೆ ಮುಂದಿನ ಮಾತೂ ಬರುತ್ತಿತ್ತು: ಹಾಗಾದರೆ ಈ ಒಲೆ ಎಷ್ಟು ಎಳೆಯುತ್ತದೆ, ರೇಡಿಯೋದ ಪಾಲಿಗೆ ಎಷ್ಟು ಉಳಿಯುತ್ತದೆ. ಆ ಮಾತು ಬಂದರೆ ಒಲೆ ಮತ್ತೆ ಕಪಾಟಿನ ಮೇಲೆ. ತಪ್ಪು ಲೆಕ್ಕ ಮಾಡುವವಳು ಅನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡಳು. ಬೆಳಿಗ್ಗೆಯೂ ಅದರಲ್ಲಿಯೇ ಮಾಡಬಹುದಲ್ಲ ಎಂದು ಪೂವಮ್ಮ ಕೇಳಿದಾಗ, "ಹೆಚ್ಚು ಉರಿಸಿದರೆ ಸವೀತದೆ ಅತ್ತೆ, ಸಂಜೆಗೆ ಮಾತ್ರ ಸಾಕು," ಎಂದು ಸುಳ್ಳು ಹೇಳಿದಳು.

ಬೆಳಿಗ್ಗೆಯೂ ಮಧ್ಯಾಹ್ನವೂ ಕಟ್ಟಿಗೆಯ ಒಲೆ, ಊದುಕೊಳವೆ, ಹೊಗೆ, ಕೆಮ್ಮು ಇದ್ದೇ ಇತ್ತು. ಆದರೆ ಸಂಜೆಯ ಒಂದು ಗಂಟೆ ಬೇರೆಯಾಯಿತು. ಅಕ್ಕಿ ಮೊದಲೇ ನೆನೆಸಿಡುತ್ತಿದ್ದಳು. ಪಾತ್ರೆ ಇಟ್ಟ ಮೇಲೆ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಕಟ್ಟಿಗೆಯನ್ನು ಒಳಗೆ ನೂಕುವುದಿಲ್ಲ, ಊದುವುದಿಲ್ಲ, ಕಣ್ಣೊರೆಸುವುದಿಲ್ಲ. ಮೊದಲ ಕೆಲವು ದಿನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಸಂತೋಷ ಎಂದು ಅದನ್ನು ಕರೆಯಲಿಕ್ಕಾಗದು. ಇಷ್ಟು ವರ್ಷ ಓಡಾಡುತ್ತಿದ್ದ ದಣಿವು ಕೂರಲಿಕ್ಕೆ ಜಾಗ ಸಿಕ್ಕಿದ ಹಾಗೆ ಅವಳ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಎಷ್ಟೊಂದು ದಣಿದಿದ್ದೇನೆ ಎಂಬುದು ಅವಳಿಗೆ ಗೊತ್ತಾದದ್ದೇ ಆಗ.

ಕೆಲವು ವಾರದಲ್ಲಿ ಪೂವಮ್ಮನೂ ಬಂದು ಕೂರತೊಡಗಿದರು. ಅವರದ್ದು ಲೋಲಾಕ್ಷಿಗಿಂತ ಮೂವತ್ತು ವರ್ಷ ಹೆಚ್ಚಿನ ಹೊಗೆ. ಕಣ್ಣಿನ ಅಂಚು ಯಾವಾಗಲೂ ಕೆಂಪು. ಅತ್ತೆ ಸೊಸೆ ಹೆಚ್ಚೇನೂ ಮಾತಾಡುತ್ತಿರಲಿಲ್ಲ. "ಹಾಕಿದೆಯಾ?" ಎಂದು ಕೇಳುತ್ತಾ ಬರುವುದು, ಗೋಡೆಗೆ ಒರಗುವುದು. ಒಂದು ದಿನ ಕಣ್ಣು ಮುಚ್ಚಿಕೊಂಡೇ, "ನಾನು ಮದುವೆಯಾಗಿ ಬಂದ ವರ್ಷ ಇದು ಇದ್ದಿದ್ದರೆ ನನ್ನ ಆ ಮೊದಲಿನ ಹೆಣ್ಣು ಮಗು ಉಳೀತಿತ್ತೋ ಏನೋ," ಎಂದರು. ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಆ ಮಗುವಿನ ಸುದ್ದಿ ಎತ್ತಿರಲಿಲ್ಲ.

ಎಂಟೂವರೆಯ ಮೊದಲು ಪ್ಲಗ್ ಕೀಳಬೇಕಿತ್ತು. ಗಡಿಯಾರ ಚಾವಡಿಯಲ್ಲಿ. ಅದಕ್ಕೆ ಅವಳು ಕೋಣೆಯ ಬಲ್ಬನ್ನು ನೋಡುತ್ತಿದ್ದಳು. ಒಳಗಿನ ತಂತಿಯನ್ನು ಕಣ್ಣು ಚುಚ್ಚದೆ ನೋಡಬಹುದಾದಷ್ಟು ಹೊತ್ತು ಒಲೆಗೆ ಭಯವಿಲ್ಲ. ತಂತಿ ಹೊಳೆಯತೊಡಗಿದರೆ ಗಿರಣಿ ನಿಂತಿದೆ ಎಂದರ್ಥ, ಎದ್ದು ಕೀಳುವುದು.

ಆದರೆ ಮಾವನ ರೇಡಿಯೋ ಕೆಟ್ಟುಹೋಯಿತು. ಅಂದರೆ ರೇಡಿಯೋ ಕೆಟ್ಟದ್ದಲ್ಲ, ಸಂಜೆಯ ವಾರ್ತೆಯ ಹೊತ್ತಿಗೆ ಮೊದಲು ನೆಗಡಿಯಾದಂತೆ ಕೇಳುತ್ತಿದ್ದದ್ದು ಈಗ ಬರೀ ಗುಂಯ್ ಎನ್ನತೊಡಗಿತು. ಆಗಸ್ಟಿನಲ್ಲಿ ಹಕೀಮನನ್ನು ಮತ್ತೆ ಕರೆಸಿದರು. ಅವನು ಬಂದದ್ದು ಏಳೂವರೆಗೆ. ಲೋಲಾಕ್ಷಿ ಸಣ್ಣ ಕೋಣೆಯ ಬಾಗಿಲನ್ನು ಎಳೆದುಕೊಂಡು ಹೊರಗೆ ಬಂದು ನಿಂತಳು.

"ಬರೀ ನೂರಿಪ್ಪತ್ತೆಂಟು ಮಾಸ್ಟ್ರೆ," ಎಂದ ಹಕೀಮ್. ಮೀಟರನ್ನು ಒಮ್ಮೆ ತಟ್ಟಿ ನೋಡಿದ. ಮೂಗಿಗೆ ಏನೋ ವಾಸನೆ ಬಂದಂತೆ ಅಡುಗೆಮನೆಯ ಕಡೆ ತಿರುಗಿದ. "ಅಕ್ಕ, ಒಳಗೆ ಎಂತಾದರೂ ದೊಡ್ಡದು ಉರೀತಾ ಉಂಟಾ?"

"ಗಂಜಿ ಬೇಯ್ತಾ ಉಂಟು," ಎಂದಳು ಲೋಲಾಕ್ಷಿ.

ಹಕೀಮ್ ಅವಳನ್ನು ನೋಡಿದ, ಮತ್ತೆ ಮೀಟರನ್ನು ನೋಡಿದ. "ಗಂಜಿ ಬೇಯ್ಲೇಬೇಕು," ಎಂದು ತಂತಿ ಸುತ್ತಿಕೊಂಡ. "ಮಾಸ್ಟ್ರೆ, ನಾನು ಎಷ್ಟು ಸಲ ಬಂದರೂ ಅಷ್ಟೇ. ಈ ಕಡೆಗೊಂದು ಬೇರೆ ಟ್ರಾನ್ಸ್‌ಫಾರ್ಮರು ಬೇಕು. ಎಲ್ಲರೂ ಸೇರಿ ಅರ್ಜಿ ಕೊಡಿ. ಬರವಣಿಗೆ ಗಟ್ಟಿ ಇರಲಿ, ಲೆಕ್ಕ ಸಹಿತ ಇರಲಿ."

ಅವನು ಹೋದ ಮೇಲೆ ಅವಳು ಕೂತು ಲೆಕ್ಕ ಮಾಡಿದಳು. ಒಲೆ ಇಲ್ಲದಾಗ ನೂರನಲವತ್ತೆರಡು, ಒಲೆ ಇರುವಾಗ ನೂರಿಪ್ಪತ್ತೆಂಟು. ನೂರಿಪ್ಪತ್ತೆಂಟಕ್ಕೆ ಒಲೆ ಎಳೆಯುವುದು ಐದೂಮುಕ್ಕಾಲು ಆಂಪಿಯರಿಗೆ ತುಸು ಹೆಚ್ಚು. ದಾರಿಯಲ್ಲಿ ಕಳೆದುಹೋದ ಹದಿನಾಲ್ಕು ವೋಲ್ಟನ್ನು ಅದರಿಂದ ಭಾಗಿಸಿದರೆ ಎರಡು ಓಮಿನ ಮೇಲೆ ಒಂದಿಷ್ಟು. ಪೇಟೆಯಿಂದ ಇಲ್ಲಿಯವರೆಗಿನ ತಂತಿಯ ತಡೆ ಅಷ್ಟು. ಆ ಹದಿನಾಲ್ಕು ವೋಲ್ಟ್ ಇವಳೊಬ್ಬಳದ್ದು.

ಅರ್ಜಿ ಬರೆಯುವ ಕೆಲಸ ಅವಳಿಗೇ ಬಂತು. ಮಾವನ ಕೈ ನಡುಗುತ್ತಿತ್ತು. ಅಚ್ಚುತನ ಅಕ್ಷರ ಟಿಕೆಟಿನ ಹಿಂದೆ ಬರೆಯುವುದಕ್ಕೆ ಮಾತ್ರ ಸಾಕು. "ನಿನ್ನ ಅಕ್ಷರ ಚಂದ. ಲೆಕ್ಕವೂ ಗೊತ್ತುಂಟು, ಅಥವಾ ಗೊತ್ತುಂಟು ಅಂತ ನೀನಾದರೂ ಹೇಳ್ತಿ," ಎಂದು ಮಾವ ನಕ್ಕರು. "ಒಂದು ವಾರದಲ್ಲಿ ಬರೆದು ಕೊಡು. ನಾನು ಮನೆಮನೆಗೆ ಹೋಗಿ ರುಜು ಹಾಕಿಸ್ತೇನೆ."

"ಬರೀತೇನೆ ಮಾವ," ಎಂದಳು.

ಟ್ರಾನ್ಸ್‌ಫಾರ್ಮರು ಬಂದರೆ ಸಂಜೆಗೂ ಇನ್ನೂರಮೂವತ್ತು. ಒಲೆಯ ಒಂದೂವರೆ ಗಂಟೆ ಮುಗಿದಂತೆ. ತನ್ನ ಒಲೆಯನ್ನು ತೆಗೆದುಹಾಕಿ ಎಂದು ತಾನೇ ಚಂದದ ಅಕ್ಷರದಲ್ಲಿ ಸರಕಾರಕ್ಕೆ ಬರೆದುಕೊಡಬೇಕಾಗಿತ್ತು. ಮೊದಲ ವಾರ ಮಗನಿಗೆ ಜ್ವರ ಬಂತು. ಎರಡನೇ ವಾರ ಒಳ್ಳೆಯ ಕಾಗದ ಇಲ್ಲ ಎಂದಳು. ಮಾವ ಕಾಗದ ತರಿಸಿದರು. ಆಮೇಲೆ ಕೊಯ್ಲು, ಚೌತಿ, ನಾದಿನಿಯ ಬಾಣಂತನ. ಸೆಪ್ಟೆಂಬರ್ ಕಳೆದು ಅಕ್ಟೋಬರ್ ಬಂತು. ಯಾರೂ ಅವಳನ್ನು ಅನುಮಾನಿಸಲಿಲ್ಲ. ಹೆಂಗಸಿಗೆ ಪುರುಸೊತ್ತಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಪರೀಕ್ಷಿಸುತ್ತಿರಲಿಲ್ಲ.

ಅಮ್ಮು ಬಂದದ್ದು ಆಗ. ಎದುರು ಮನೆಯ ಟೈಲರ್ ಕಿಟ್ಟಣ್ಣನ ಮಗಳು, ಎಸ್ಸೆಸ್ಸೆಲ್ಸಿಗೆ ಕೂರುವವಳು. ಹಗಲು ಶಾಲೆ, ಸಂಜೆ ಅಪ್ಪನ ಅಂಗಡಿಯ ಬಟ್ಟೆಗೆ ಗುಂಡಿ ಹಾಕುವುದು, ಏಳು ಗಂಟೆಯ ಮೇಲೆ ಓದು. ಪುಸ್ತಕ ಎದೆಗೊತ್ತಿಕೊಂಡು ಸಣ್ಣ ಕೋಣೆಯ ಹೊಸ್ತಿಲಲ್ಲಿ ಬಂದು ಕೂತಳು.

"ಅಕ್ಕ, ನಿಮಗೆ ಈ ಲೆಕ್ಕ ಬರ್ತದೆ ಅಂತ ಅಪ್ಪ ಹೇಳಿದ್ರು. ತಪ್ಪು ಬರ್ತದೆ ಅಂತಲೂ ಹೇಳಿದ್ರು."

"ನಿನ್ನ ಅಪ್ಪನಿಗೆ ಯಾರು ಹೇಳಿದ್ದು?"

"ಅಚ್ಚುತಣ್ಣ. ಬಸ್ಸಿನಲ್ಲಿ ಎಲ್ಲರಿಗೂ ಹೇಳಿದ್ದಾರೆ."

ಲೋಲಾಕ್ಷಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಪುಸ್ತಕ ತೆಗೆದುಕೊಂಡಳು. ವೋಲ್ಟ್, ಆಂಪಿಯರ್ ಕೊಟ್ಟಿದೆ, ತಡೆ ಎಷ್ಟು, ವಾಟು ಎಷ್ಟು. ಅವೇ ಲೆಕ್ಕಗಳು. ಎರಡು ಮೂರು ಮಾಡಿ ತೋರಿಸಿದಳು. ಹುಡುಗಿ ಬೇಗ ಹಿಡಿದಳು. ಆಮೇಲೆ ಪೆನ್ಸಿಲ್ ಕಚ್ಚುತ್ತಾ ಕೇಳಿದಳು.

"ನಮ್ಮ ಮನೆಯ ಬಲ್ಬಿನಲ್ಲಿ ನಲವತ್ತು ವಾಟ್ ಅಂತ ಬರೆದುಂಟು. ಆದರೆ ನಲವತ್ತರ ಬೆಳಕು ಬರುದಿಲ್ಲ. ಶಾಲೆಯಲ್ಲಿ ಅದೇ ಬಲ್ಬು ಬೆಳ್ಳಗೆ ಉರೀತದೆ. ನಮ್ಮದು ಎಷ್ಟು ಅಂತ ಲೆಕ್ಕ ಮಾಡ್ಲಿಕ್ಕಾಗ್ತದಾ?"

"ಆಗ್ತದೆ. ಮೊದಲು ಬಲ್ಬಿನ ತಡೆ ತೆಗಿ."

ಅಮ್ಮು ಬರೆದಳು. ಸಾವಿರದ ಮುನ್ನೂರಿಪ್ಪತ್ತೆರಡು ಓಮ್. "ಬಿಸಿ ಹೆಚ್ಚುಕಡಿಮೆಯಾದರೆ ಇದೂ ಸ್ವಲ್ಪ ಬದಲಾಗ್ತದೆ, ಆದರೆ ನಮಗೆ ಇಷ್ಟು ಸಾಕು," ಎಂದಳು ಲೋಲಾಕ್ಷಿ. "ಈಗ ಸಂಜೆಯ ವೋಲ್ಟ್ ನೂರಿಪ್ಪತ್ತೆಂಟು ಅಂತ ಇಟ್ಟುಕೋ."

ಅಮ್ಮು ಬಹಳ ಹೊತ್ತು ಗುಣಿಸಿದಳು. "ಹನ್ನೆರಡು ವಾಟ್ ಬಂತು. ತಪ್ಪಾಯ್ತಾ?"

"ಇಲ್ಲ. ಸರಿ ಉಂಟು."

"ಹನ್ನೆರಡಾ? ಉಳಿದದ್ದು ಎಲ್ಲಿ ಹೋಗ್ತದೆ?"

ಒಲೆಯ ತಂತಿ ಇಬ್ಬರ ನಡುವೆ ಕೆಂಪಗೆ ಉರಿಯುತ್ತಿತ್ತು. ಹುಡುಗಿಯ ಕಣ್ಣು ಪುಸ್ತಕದ ಮೇಲೆಯೇ ಇತ್ತು. ಅಕ್ಷರ ಕಾಣಲಿಕ್ಕೆ ಪುಟವನ್ನು ಬಲ್ಬಿನ ಕಡೆಗೆ ಓರೆಯಾಗಿ ಹಿಡಿದಿದ್ದಳು. ಲೋಲಾಕ್ಷಿ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ ಮಾಡಿದಳು. ನೂರನಲವತ್ತೆರಡಕ್ಕೆ ಹದಿನೈದು ವಾಟ್. ಹದಿನೈದರಿಂದ ಹನ್ನೆರಡು ಹೋದರೆ ಮೂರು. ಆ ಮಗುವಿನ ಬೆಳಕಿನಿಂದ ತಾನು ದಿನಾ ತೆಗೆದುಕೊಳ್ಳುತ್ತಿದ್ದದ್ದು ಮೂರು ವಾಟ್. ಹೆಚ್ಚಲ್ಲ. ಕೋಪ ಬರುವಷ್ಟೂ ಅಲ್ಲ, ಅಳು ಬರುವಷ್ಟೂ ಅಲ್ಲ. ಆದರೆ ಇದ್ದದ್ದೇ ಹದಿನೈದು.

"ದಾರಿಯಲ್ಲಿ ಹೋಗ್ತದೆ," ಎಂದಳು.

"ಮೇ ತಿಂಗಳ ಮೊದಲು ಇದಕ್ಕಿಂತ ಚೂರು ಒಳ್ಳೆಯದಿತ್ತು ಅಕ್ಕ. ಈಗ ಕಣ್ಣು ನೋಯ್ತದೆ."

ಆ ವಾರದ ಒಂದು ಮಧ್ಯಾಹ್ನ, ಪಾತ್ರೆ ತೊಳೆದಿಟ್ಟ ಮೇಲೆ ಅವಳು ಅರ್ಜಿ ಬರೆದಳು. ಬಹಳ ಒಳ್ಳೆಯ ಮನಸ್ಸಿನಿಂದ ಬರೆದಳು ಎಂದಲ್ಲ. ಬರೆಯದೆ ಇರುವುದೂ ದಿನಾ ಹೊರಬೇಕಾದ ಒಂದು ಭಾರವಾಗಿತ್ತು. ಅದನ್ನಾದರೂ ಇಳಿಸೋಣ ಎನ್ನಿಸಿತ್ತು. ಬರೆಯತೊಡಗಿದ ಮೇಲೆ ಕೆಟ್ಟದಾಗಿ ಬರೆಯಲಿಕ್ಕೆ ಕೈ ಒಪ್ಪಲಿಲ್ಲ. ಕೊನೆಯ ಕಂಬದಲ್ಲಿ ಸಂಜೆಯ ವೋಲ್ಟ್ ಎಷ್ಟು, ನಲವತ್ತು ವಾಟಿನ ಬಲ್ಬು ನಿಜವಾಗಿ ಕೊಡುವುದೆಷ್ಟು, ತಂತಿಯ ತಡೆ ಎಷ್ಟು, ಎಲ್ಲವನ್ನೂ ಸಾಲಾಗಿ ಬರೆದಳು. ವೋಲ್ಟ್ ಬರೆಯುವಲ್ಲಿ ಮಾತ್ರ ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದಳು. ನೂರಿಪ್ಪತ್ತೆಂಟು ಎಂದು ಬರೆದರೆ ಅರ್ಜಿಗೆ ಬಲ ಹೆಚ್ಚು. ಅವಳು ನೂರನಲವತ್ತೆರಡು ಎಂದು ಬರೆದಳು. ಉಳಿದ ಹದಿನಾಲ್ಕಕ್ಕೆ ಸರಕಾರ ಹೊಣೆಯಲ್ಲ.

ಮಾವ ಓದಿ, ಕನ್ನಡಕ ತೆಗೆದು, "ಇದು ಅರ್ಜಿ," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಹದಿನೇಳು ಮನೆಯವರು ರುಜು ಹಾಕಿದರು. ರುಜು ಬಾರದವರು ಹೆಬ್ಬೆಟ್ಟು ಒತ್ತಿದರು. ಗಿರಣಿಯ ಅಲಿ ಕುಂಞಿ ಮೊದಲ ಸಾಲಿನಲ್ಲಿ ಹಾಕಿದ.

ಅರ್ಜಿ ಮಂಗಳೂರಿಗೆ ಹೋಗಿ ಬಹಳ ದಿನ ಮಲಗಿತ್ತು. ಲೋಲಾಕ್ಷಿ ಅದನ್ನು ಎಬ್ಬಿಸುವ ಅವಸರದಲ್ಲಿರಲಿಲ್ಲ. ಒಲೆ ಎಷ್ಟು ದಿನ ಉರಿದರೆ ಅಷ್ಟು. ಅಮ್ಮುವಿನ ಪರೀಕ್ಷೆಯ ತಿಂಗಳಲ್ಲಿ ಮಾತ್ರ ಅವಳು ಸಂಜೆಯೂ ಕಟ್ಟಿಗೆಯ ಒಲೆಗೇ ಹೋದಳು. ಒಲೆಯ ತಂತಿ ಸ್ವಲ್ಪ ಸಡಿಲವಾಗಿದೆ ಎಂದು ಅತ್ತೆಗೆ ಇನ್ನೊಂದು ಸುಳ್ಳು ಹೇಳಿದಳು. ಪೂವಮ್ಮ ಆ ತಿಂಗಳೆಲ್ಲ ಸಿಡಿಮಿಡಿ ಮಾಡಿದರು. ಅಮ್ಮು ಪಾಸಾದಳು.

ಅರವತ್ತೈದರ ಡಿಸೆಂಬರಿನಲ್ಲಿ ಕಂಬ ನೆಟ್ಟು, ಅಡ್ಡಪಟ್ಟಿ ಕೂರಿಸಿ, ಲಾರಿಯಲ್ಲಿ ಟ್ರಾನ್ಸ್‌ಫಾರ್ಮರು ತಂದರು. ಚಾಲೂ ಮಾಡಿದ ದಿನ ಸಂಜೆ ಆರೂವರೆಗೆ ಹಕೀಮ್ ಬಂದು ಮೀಟರ್ ಹಿಡಿದ. ಇನ್ನೂರಿಪ್ಪತ್ತೆಂಟು. ಮಾವ ಅವನಿಗೆ ಕಾಫಿ ಕುಡಿಸಿದರು. ರೇಡಿಯೋದ ಧ್ವನಿ ಅಂಗಳ ದಾಟಿ ಎದುರು ಮನೆಗೆ ಕೇಳಿಸುತ್ತಿತ್ತು. ಆ ದಿನ ಊರಲ್ಲಿದ್ದ ಅಚ್ಚುತ ಎಲ್ಲ ಕೋಣೆಯ ಸ್ವಿಚ್ಚನ್ನೂ ಹಾಕುತ್ತಾ ಬಂದ.

ಲೋಲಾಕ್ಷಿ ಒಲೆಯನ್ನು ಪ್ಲಗ್ಗಿನಿಂದ ಕಿತ್ತು ಗೋಡೆಗೆ ಒರಗಿಸಿದ್ದಳು. "ಅತ್ತೆ, ಇನ್ನು ಇದನ್ನು ಹಾಕ್ಲಿಕ್ಕಾಗುದಿಲ್ಲ," ಎಂದಳು. "ಸುಟ್ಟುಹೋಗ್ತದೆ."

"ಮೊದಲ ದಿನವೂ ಹಾಗೆಯೇ ಹೇಳಿದ್ದಿ ನೀನು."

"ಇದು ಹಾಗಲ್ಲ ಅತ್ತೆ."

"ಕರೆಂಟು ಕಡಿಮೆ ಇರುವಾಗ ಒಂದೂವರೆ ವರ್ಷ ಉರಿದದ್ದು, ಈಗ ಜೋರು ಇರುವಾಗ ಉರಿಯದಾ?" ಎಂದ ಅಚ್ಚುತ. "ಲೆಕ್ಕದ ಭೂತ ಬಂತು ನೋಡು ಅಮ್ಮ."

ಹೇಳಬೇಕಾದದ್ದು ಬಹಳವಿತ್ತು, ಮೊದಲಿಂದ ಹೇಳಬೇಕಿತ್ತು. ಅಷ್ಟು ಹೊತ್ತಿಗೆ ಅಮ್ಮು ಅಂಗಳದಿಂದ ಕರೆದಳು, "ಅಕ್ಕ, ಒಮ್ಮೆ ಬಂದು ನೋಡಿ." ಆಮೇಲೆ ಹೇಳೋಣ ಎಂದು ಲೋಲಾಕ್ಷಿ ಅವಳ ಜೊತೆ ಹೋದಳು. ಕಿಟ್ಟಣ್ಣನ ಮನೆಯ ಗೋಡೆಯ ಬಿರುಕುಗಳು, ಮೂಲೆಯ ಬಲೆ, ಹೊಲಿಗೆಯ ಯಂತ್ರದ ಕೆಳಗೆ ಬಿದ್ದ ದಾರದ ತುಂಡುಗಳು, ಎಲ್ಲವೂ ಕಾಣುತ್ತಿದ್ದವು. "ಕಸ ಗುಡಿಸ್ಲಿಕ್ಕೆ ಇನ್ನು ಸಬೂಬು ಇಲ್ಲ," ಎಂದ ಕಿಟ್ಟಣ್ಣ. ಅಮ್ಮು ಬಲ್ಬಿನ ಕೆಳಗೆ ನಿಂತು, "ಪೂರ್ತಿ ನಲವತ್ತು," ಎಂದಳು.

ಹಿಂದಿರುಗಿ ಅಂಗಳಕ್ಕೆ ಕಾಲಿಡುವಾಗಲೇ ಸುಟ್ಟ ವಾಸನೆ ಬಂತು.

ಸಣ್ಣ ಕೋಣೆಯಲ್ಲಿ ಪೂವಮ್ಮ ಗೋಡೆಗಂಟಿಕೊಂಡು ನಿಂತಿದ್ದರು. ಅಚ್ಚುತ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದಿದ್ದ. ಒಲೆಯ ತಂತಿ ಮೂರು ಕಡೆ ತುಂಡಾಗಿತ್ತು, ಬಿಳಿ ಬಿಲ್ಲೆ ಅಡ್ಡಕ್ಕೆ ಸೀಳಿತ್ತು. ಗಂಜಿಯ ಪಾತ್ರೆಯ ನೀರು ಬೆಚ್ಚಗೂ ಆಗಿರಲಿಲ್ಲ.

"ಬೆಳ್ಳಗೆ ಉರೀತು," ಎಂದರು ಪೂವಮ್ಮ. "ನೋಡ್ಲಿಕ್ಕಾಗದಷ್ಟು ಬೆಳ್ಳಗೆ. ಇವತ್ತು ನಿನಗೆ ಬೇಗ ಬಿಡುಗಡೆ ಆಗ್ಲಿ ಅಂತ ಇಟ್ಟೆ ನಾನು."

"ನಿಮಗೆ ಎಂತದೂ ಆಗ್ಲಿಲ್ಲ ತಾನೇ ಅತ್ತೆ?"

"ನನಗೆ ಎಂತ ಆಗ್ತದೆ."

ಮಾವ ರೇಡಿಯೋ ನಿಲ್ಲಿಸಿ ಬಂದರು. ಸೀಳಿದ ಒಲೆಯನ್ನು ನೋಡಿ ಸೊಸೆಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ಮತ್ತೆ ಇಷ್ಟು ದಿನ ಹೇಗೆ ಉರಿದದ್ದು?"

ಆಗ ಅವಳು ಹೇಳಿದಳು. ಕಪಾಟಿನಿಂದ ಆ ಕ್ಯಾಲೆಂಡರಿನ ಹಾಳೆ ತಂದು, ಅದರ ಕೆಳಗೆ ಉಳಿದದ್ದನ್ನೂ ಬರೆದು ತೋರಿಸಿದಳು. ಇಪ್ಪತ್ತೆರಡು ಓಮ್, ಸಂಜೆಯ ವೋಲ್ಟ್, ಹಕೀಮನ ಎರಡು ಅಳತೆ, ನಡುವಿನ ಹದಿನಾಲ್ಕು. ರೇಡಿಯೋ ಗುಂಯ್ ಎನ್ನುತ್ತಿದ್ದದ್ದು ತನ್ನ ಒಲೆಯಿಂದ ಎಂಬುದನ್ನೂ ಹೇಳಿದಳು. ಧ್ವನಿ ಏರಿಸಲಿಲ್ಲ, ತಗ್ಗಿಸಲೂ ಇಲ್ಲ. ಮಾವ ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಭಾಗಾಕಾರವನ್ನು ಮತ್ತೆ ಮಾಡಿ ನೋಡಿದರು. ನಡುಗುವ ಕೈಯಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅಚ್ಚುತ ಪ್ಲಗ್ಗನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ಸರಿ ಉಂಟು," ಎಂದರು ಮಾವ ಕೊನೆಗೆ. "ಇದನ್ನು ಆಗಲೇ ಹೇಳಬಹುದಿತ್ತಲ್ಲ."

"ಹೇಳಿದ್ದರೆ ಒಲೆ ತೆಗೆಸ್ತಿದ್ದಿರಿ."

ಮಾವ ಹಾಳೆಯನ್ನೇ ನೋಡುತ್ತಿದ್ದರು. "ಹೌದು," ಎಂದರು. "ತೆಗೆಸ್ತಿದ್ದೆ."

ಗಂಜಿ ಆಗಬೇಕಿತ್ತು. ಲೋಲಾಕ್ಷಿ ಪಾತ್ರೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗುವಷ್ಟರಲ್ಲಿ ಪೂವಮ್ಮ ಕಟ್ಟಿಗೆಯ ಒಲೆಯ ಮುಂದೆ ಕೂತು ಊದುತ್ತಿದ್ದರು. ಕಟ್ಟಿಗೆ ಹಸಿಯಿತ್ತು. "ನೀವು ಏಳಿ ಅತ್ತೆ," ಎಂದಳು. ಅವರು ಏಳಲಿಲ್ಲ, ಬರೀ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಹೊಗೆ ಎದ್ದು, ಹೊಸ ಬೆಳಕಿನಲ್ಲಿ ಹಿಂದೆಂದಿಗಿಂತಲೂ ಸ್ಪಷ್ಟವಾಗಿ, ಮಾಡಿನ ತನಕ ಕಂಡಿತು. ಅವಳಿಗೆ ಕೆಮ್ಮು ಬಂತು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಮಾವನ ಧ್ವನಿ ಕೇಳಿತು. ಅವರು ಅಡುಗೆಮನೆಯ ಕಡೆ ಬರುವುದೇ ಕಡಿಮೆ. ಕೈಯಲ್ಲಿ ಅದೇ ಹಾಳೆ. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು.

"ಇನ್ನೂರಮೂವತ್ತು ವೋಲ್ಟಿಗೆ ಆರುನೂರು ವಾಟಿನ ಒಲೆ ಬೇಕಾದರೆ ತಂತಿಯ ತಡೆ ಎಷ್ಟಿರಬೇಕು? ನನಗೆ ಎಂಬತ್ತೆಂಟು ಬಂತು. ನೀನು ಒಮ್ಮೆ ಮಾಡಿ ನೋಡು."

ಅವಳು ಊದುಕೊಳವೆಯನ್ನು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಇನ್ನೂರಮೂವತ್ತನ್ನು ಇನ್ನೂರಮೂವತ್ತರಿಂದ ಗುಣಿಸಿ, ಆರುನೂರರಿಂದ ಭಾಗಿಸಿದಳು.

"ಎಂಬತ್ತೆಂಟೇ ಮಾವ. ಒಂದು ಚೂರು ಹೆಚ್ಚು."

"ಹೂಂ," ಎಂದು ಅವರು ಹಾಳೆಯ ಮೇಲೆ ಬರೆದುಕೊಂಡು ಚಾವಡಿಗೆ ಹೋದರು. ಅವರು ಅದನ್ನು ಹೊಸ ಒಲೆಗೆಂದು ವಯರ್‌ಮನ್ ಚನಿಯಪ್ಪನಿಗೆ ಕೊಡುತ್ತಾರೋ, ತಮ್ಮ ಉತ್ತರ ಸರಿಯಾಯಿತೆಂದು ಅಷ್ಟಕ್ಕೇ ಬಿಡುತ್ತಾರೋ ಲೋಲಾಕ್ಷಿಗೆ ಗೊತ್ತಾಗಲಿಲ್ಲ. ಕೇಳಲಿಕ್ಕೆ ಎದ್ದು ಹೋಗುವಷ್ಟು ಶಕ್ತಿ ಇರಲಿಲ್ಲ. ಪೂವಮ್ಮ ಇನ್ನೊಂದು ಕಟ್ಟಿಗೆಯನ್ನು ಒಳಗೆ ನೂಕಿದರು. ಅಕ್ಕಿ ಬೇಯಲಿಕ್ಕೆ ಇನ್ನೂ ಒಂದು ಗಂಟೆಯಾದರೂ ಇತ್ತು.